ಆರು ವರ್ಷದ ಚಾರ್ಟರ್ ಶಾಲೆ: 9 ಅಂಕ ಬಂದದ್ದು ಯಾರಿಗೆ?

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಮನೆಯಿಂದ 11 ಮೈಲಿ ದೂರದ ಚಾರ್ಟರ್ ಶಾಲೆಗೆ ಮಗಳನ್ನು ಮೂರನೇ ಕ್ಲಾಸಿಗೆ ಹಾಕಿದ್ದು 2019ರಲ್ಲಿ. ಈಗ ಎಂಟನೇದು ಮುಗಿಸಿದ್ದಾಳೆ. ನನ್ನ ಲೆಕ್ಕದಲ್ಲಿ ಶಾಲೆಗೆ 5ಕ್ಕೆ 3.

ಇಂಥ ಶಾಲೆ ನಡೆಯುವುದು ಸರ್ಕಾರದ ದುಡ್ಡಲ್ಲಿ, ಆದರೆ ಆಡಳಿತ ಬೇರೆ. ಫೀಸಿಲ್ಲ, ಪ್ರವೇಶ ಪರೀಕ್ಷೆಯಿಲ್ಲ, ಅರ್ಜಿ ಜಾಸ್ತಿ ಬಂದರೆ ಲಾಟರಿ. ನಮ್ಮದು ವೇಟ್‌ಲಿಸ್ಟ್ 43. ಶಾಲೆ ಶುರುವಾಗಲು ನಾಲ್ಕು ದಿನ ಇದ್ದಾಗ ಫೋನ್ ಬಂತು. ಬಿಡಿಎ ಸೈಟು ಅಲಾಟ್ ಆದಷ್ಟು ಖುಷಿ! ಅಷ್ಟು ಹಂಬಲಿಸಿದ್ದಕ್ಕೆ ಕಾರಣ ಒಂದೇ, ಮುಖ್ಯವಾಗಿ ಪರೀಕ್ಷೆಯ ಫಲಿತಾಂಶ ನೋಡಿ ಶಾಲೆಗಳಿಗೆ ಅಂಕ ಕೊಡುವ ಗ್ರೇಟ್‌ಸ್ಕೂಲ್ಸ್ ವೆಬ್‌ಸೈಟಿನಲ್ಲಿ 10ಕ್ಕೆ 9.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಬರವಣಿಗೆ ಕಲಿಸಿದ ರೀತಿಗೆ ಕೈ ಮುಗಿಯಬೇಕು. ಐದನೇ ಕ್ಲಾಸಿನಲ್ಲಿ ಅವಳು ಅಜ್ಜಿಯ ಅಕ್ಕಿರೊಟ್ಟಿ ಬಗ್ಗೆ ಪ್ರಬಂಧ ಬರೆದಳು. ಟೀಚರ್ ಪೆನ್ಸಿಲಿನಲ್ಲಿ, "ತುಂಬಾ ರುಚಿ ಅಂತೀಯ, ನಾನು ತಿಂದಿಲ್ಲವಲ್ಲ, ನಂಬೋದು ಹೇಗೆ?" ಅಂತ ಬರೆದು ವಾಪಸ್ ಕೊಟ್ಟರು. ನಾಲ್ಕನೇ ಸಲ ಬರೆದಾಗ ಬಾಣಲೆಗೆ ಅಂಟಿದ ಸಬ್ಬಸಿಗೆ ಸೊಪ್ಪಿನ ಕರುಕಲು ವಾಸನೆಯೂ ಬಂದಿತ್ತು.

ಗಣಿತದ ಕಥೆ ಬೇರೆ. ಆರನೇ ಕ್ಲಾಸಿನ ಟೀಚರ್ ಅಕ್ಟೋಬರಿನಲ್ಲೇ ಬಿಟ್ಟು ಹೋದರು. ಜನವರಿವರೆಗೂ ದಿನಕ್ಕೊಬ್ಬ ಸಬ್‌ಸ್ಟಿಟ್ಯೂಟ್, ಮಕ್ಕಳು ಕ್ರೋಮ್‌ಬುಕ್ಕಿನಲ್ಲಿ ವಿಡಿಯೋ ನೋಡುತ್ತಾ ಕೂತಿದ್ದು. ನೋಟ್‌ಬುಕ್ ತೆಗೆದರೆ ಭಿನ್ನರಾಶಿ ಭಾಗಾಕಾರ ಎರಡು ಪುಟ, ಆಮೇಲೆ ಬಿಳಿ ಹಾಳೆ. ಹಾಗಿದ್ದರೂ ಆ ವರ್ಷದ ರಾಜ್ಯ ಪರೀಕ್ಷೆಯಲ್ಲಿ ಅವಳಿಗೆ ನಾಲ್ಕನೇ ಹಂತ, ಅಂದರೆ ಎಲ್ಲಕ್ಕಿಂತ ಮೇಲಿನದು. ಹೇಗೆ ಅಂದರೆ ವಾರಕ್ಕೆ ಎರಡು ಸಂಜೆ ಕುಮಾನ್ ಟ್ಯೂಷನ್, ಭಾನುವಾರ ಡೈನಿಂಗ್ ಟೇಬಲ್ಲಿನಲ್ಲಿ ನನ್ನ ಪಾಠ. ಪಿಕಪ್ ಸಾಲಿನಲ್ಲಿ ಕಾರಿನ ಕಿಟಕಿ ಇಳಿಸಿ ನಾವೆಲ್ಲ ಮಾತಾಡುತ್ತಿದ್ದದ್ದೂ ಟ್ಯೂಷನ್ನಿನದೇ. ಹೇಳಿಕೊಟ್ಟವರು ನಾವು, 9 ಅಂಕ ಶಾಲೆಗೆ!

ಕ್ಯಾಲಿಫೋರ್ನಿಯಾದಲ್ಲಿ ಚಾರ್ಟರ್ ಶಾಲೆಗಳ ಬೋರ್ಡ್ ಮೀಟಿಂಗಿಗೂ ಜನರನ್ನು ಬಿಡಬೇಕು ಅಂತ 2019ರಲ್ಲಿ ಕಾನೂನಾಗಿದೆ. ಹೋದೆ. ಕೇಳಲು ಬಂದವಳು ನಾನೊಬ್ಬಳೇ. ಎರಡು ನಿಮಿಷ ಮಾತಾಡಲು ಕೊಟ್ಟರು. ಪಕ್ಕದ ಡಿಸ್ಟ್ರಿಕ್ಟಿನಲ್ಲಿ, ಅಂದರೆ ಆ ಭಾಗದ ಮಾಮೂಲಿ ಸರ್ಕಾರಿ ಶಾಲೆಗಳಲ್ಲಿ, ಸಂಬಳ ಜಾಸ್ತಿ, ಟೀಚರ್‌ಗಳು ನಿಲ್ಲುತ್ತಿಲ್ಲ ಅಂದರು. ಮುಚ್ಚಿಡದೆ ಹೇಳಿದರು, ಅದು ಮೆಚ್ಚುಗೆಯಾಯಿತು.

ಚಾರ್ಟರ್ ಅಂದಮಾತ್ರಕ್ಕೆ ಮೇಲೂ ಅಲ್ಲ, ಕೀಳೂ ಅಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೊ ಸಂಶೋಧನಾ ಕೇಂದ್ರದ 2023ರ ವರದಿ ಪ್ರಕಾರ ಚಾರ್ಟರ್ ಮಕ್ಕಳು ಮಾಮೂಲಿ ಸರ್ಕಾರಿ ಶಾಲೆಯ ಮಕ್ಕಳಿಗಿಂತ ಸರಾಸರಿ ವರ್ಷಕ್ಕೆ ಓದಿನಲ್ಲಿ 16 ದಿನ, ಗಣಿತದಲ್ಲಿ 6 ದಿನದ ಪಾಠದಷ್ಟು ಮುಂದೆ. ಆರು ದಿನ ನಮಗೆ ಬೆಂಗಳೂರಿಂದ ಬಂದ ಜೆಟ್‌ಲ್ಯಾಗ್ ಇಳಿಯಲಿಕ್ಕೇ ಬೇಕು. ಸರಾಸರಿ ಬಿಟ್ಟು ಶಾಲೆಗಳ ಫಲಿತಾಂಶ ತೋರಿಸುವ ರಾಜ್ಯದ ಡ್ಯಾಶ್‌ಬೋರ್ಡ್ ವೆಬ್‌ಸೈಟಿನಲ್ಲಿ ಬಡ ಕುಟುಂಬಗಳ ಮಕ್ಕಳ ಸಾಲು ನೋಡಿ. ಟ್ಯೂಷನ್ನಿಗೆ ದುಡ್ಡಿಲ್ಲದ ಮಗುವಿಗೆ ಶಾಲೆ ಎಷ್ಟು ಕಲಿಸಿದೆ ಅನ್ನುವ ಅಂದಾಜು ಸಿಗುವುದು ಅಲ್ಲೇ. ನಾನು ಅದನ್ನು ನೋಡಿದ್ದು ನಾಲ್ಕು ವರ್ಷ ತಡವಾಗಿ.

ಅಕ್ಕ ಓದಿದ್ದರಿಂದ ಮಗನಿಗೂ ಲಾಟರಿಯಲ್ಲಿ ಆದ್ಯತೆ ಇತ್ತು. ಅರ್ಜಿಗೆ ಮುಂಚೆ ಆಫೀಸಿನಲ್ಲಿ ಒಂದೇ ಪ್ರಶ್ನೆ ಕೇಳಿದೆ: ಆರನೇ ಕ್ಲಾಸಿನ ಗಣಿತದ ಟೀಚರ್ ಎಷ್ಟು ವರ್ಷದಿಂದ ಇದ್ದಾರೆ? "ಈ ಸಲ ಹೊಸಬರು ಬರ್ತಿದ್ದಾರೆ" ಅಂದರು. ಅವನನ್ನು ಮನೆ ಹತ್ತಿರದ ಡಿಸ್ಟ್ರಿಕ್ಟ್ ಶಾಲೆಗೆ ಹಾಕಿದ್ದೇವೆ. ನಡೆದುಕೊಂಡೇ ಹೋಗುತ್ತಾನೆ.