ಸೇಡಂ ರಸ್ತೆ, ಶಹಾಬಾದ್, ಕಪನೂರ: ಮೂರೂ ಕಡೆ ಬಾಡಿಗೆಗೆ ಇದ್ದು ನೋಡಿದ್ದು

ಕಲಬುರಗಿಯ ಬ್ರಹ್ಮಪುರದಲ್ಲಿ ನಾವಿದ್ದ ಮೇಲ್ಮಹಡಿಯ ಎರಡು ಖೋಲಿಗೆ ಮಾಲೀಕರು ಬಾಡಿಗೆಯನ್ನು 9,000ಕ್ಕೆ ಏರಿಸಿದ ರಾತ್ರಿಯೇ ನಮ್ಮ ಮನೆಯವರು ಮೊಬೈಲ್ ಹಿಡಿದು ಊರ ಹೊರಗಿನ ಮನೆ ಹುಡುಕಲು ಕೂತರು. ಆಗ ಮಗಳು ಎಲ್‌ಕೆಜಿ, ಮಗನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಜೊತೆಗೆ ಅತ್ತಿ, ಅಂದರೆ ನಮ್ಮ ಅತ್ತೆ. ನಮ್ಮ ಮನೆಯವರು ಕಪನೂರ ಕೈಗಾರಿಕಾ ಪ್ರದೇಶದ ಒಂದು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ನಾನು ಸೂಪರ್ ಮಾರ್ಕೆಟ್ (ಊರ ನಡುವಿನ ಪೇಟೆ) ಹತ್ತಿರದ ಖಾಸಗಿ ದವಾಖಾನೆಯಲ್ಲಿ ನರ್ಸ್: ಒಂದು ವಾರ ಬೆಳಗಿನ 8ರಿಂದ 2, ಇನ್ನೊಂದು ವಾರ 2ರಿಂದ ರಾತ್ರಿ 8, ನಡುನಡುವೆ ನೈಟು. ಆಮೇಲೆ ಮೂರು ಕಡೆ ಸಾಮಾನು ಇಳಿಸಿದ್ದೇವೆ. ಹೊಸದಾಗಿ ಮದುವೆಯಾದ ಜೂನಿಯರ್ ಹುಡುಗಿಯರು "ಅಕ್ಕಾ, ಸಸ್ತಾ ಮನಿ ಎಲ್ಲಿ ಸಿಗ್ತದ?" ಅಂತ ಕೇಳಿದಾಗಲೆಲ್ಲ ಹೇಳಿ ಹೇಳಿ ಬಾಯಿ ನೊಂದಿದೆ. ಅದಕ್ಕೇ ಒಮ್ಮೆ ಬರೆದಿಡುತ್ತಿದ್ದೇನೆ.

ಮೊದಲು ಹೋದದ್ದು ಸೇಡಂ ರಸ್ತೆಗೆ. ಕಲಬುರಗಿಯವರಿಗೆ ಆ ರಸ್ತೆಯ ಮೇಲೆ ಒಂದು ಮೋಹ. ವಿಶ್ವವಿದ್ಯಾಲಯ ಅಲ್ಲಿ, ಇಎಸ್‌ಐ ಆಸ್ಪತ್ರೆ ಅಲ್ಲಿ, 2019ರ ನವೆಂಬರಿನಲ್ಲಿ ಶುರುವಾದ ವಿಮಾನ ನಿಲ್ದಾಣವೂ ಅದೇ ದಾರಿಗೆ. "ಏರ್‌ಪೋರ್ಟ್ 10 ನಿಮಿಷ" ಅನ್ನುವ ಬೋರ್ಡು ಇಲ್ಲದ ಲೇಔಟ್ ಆ ಕಡೆ ನಾನು ನೋಡಲಿಲ್ಲ. ನಾವು ಇಂದಿಗೂ ವಿಮಾನ ಹತ್ತಿದವರಲ್ಲ. ಟಂಟಂ (ಶೇರ್ ಆಟೋ) ಹತ್ತುವುದಕ್ಕೇ ಆ ಮನೆಯಿಂದ ಒಂದು ಕಿಲೋಮೀಟರ್ ನಡೆಯಬೇಕಿತ್ತು.

ಮನೆಯನ್ನು ಮಾತ್ರ ಹೆಸರಿಡುವಂತಿರಲಿಲ್ಲ. 6,500ಕ್ಕೆ ಎರಡು ಬೆಡ್‌ರೂಮು, ಹೊಳೆಯುವ ಟೈಲ್ಸು, ಒಳಗೇ ಬಾತ್‌ರೂಮು. ಮಗಳು ಸೈಕಲ್ ಕಲಿತದ್ದು ಆ ಖಾಲಿ ಲೇಔಟಿನ ರಸ್ತೆಯಲ್ಲೇ. ಸಂಜೆ ಮಾಳಿಗೆ ಹತ್ತಿದರೆ ದೂರಕ್ಕೆ ಬುದ್ಧವಿಹಾರದ ಬಿಳಿ ಗುಮ್ಮಟ, ಮೈಗೆ ಗಾಳಿ. ನಾವು ಸೇರಿದ್ದು ಫೆಬ್ರುವರಿಯಲ್ಲಿ. ಫೆಬ್ರುವರಿಯಲ್ಲಿ ಕಲಬುರಗಿಯ ಯಾವ ಮನೆಯೂ ಚೆಂದವೇ.

ಏಪ್ರಿಲ್ ಬಂತು. ಸುತ್ತ ಒಂದು ಬೇವಿನ ಗಿಡವಿಲ್ಲ, ಪಕ್ಕದಲ್ಲಿ ನೆರಳು ಕೊಡುವ ಮನೆಯಿಲ್ಲ, ಒಂಟಿ ಸ್ಲ್ಯಾಬು ಬೆಳಗಿನಿಂದ ಸಂಜೆಯ ತನಕ ಕಾಯುತ್ತದೆ. ಇಲ್ಲಿ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆಗೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ, ಅಂಥ ಬಿಸಿಲು. ಕೂಲರ್ ಹಾಕಿದೆವು. ಕೂಲರಿಗೆ ನೀರು ಬೇಕು. ಬೋರಿನ ನೀರು ಅಷ್ಟೊತ್ತಿಗೆ ತಳ ಕಂಡಿತ್ತು, ಬಂದಷ್ಟರಲ್ಲೂ ಸುಣ್ಣ. ಟ್ಯಾಂಕರಿಗೆ 600 ರೂಪಾಯಿ, ತಿಂಗಳಿಗೆ ಮೂರು. ಗೃಹಜ್ಯೋತಿ ಇದೆಯಲ್ಲ ಎಂದು ಧೈರ್ಯವಾಗಿದ್ದೆವು. ಆದರೆ ಹಿಂದಿನ ವರ್ಷದ ಬಳಕೆಯ ಲೆಕ್ಕವೇ ಇಲ್ಲದ ಹೊಸ ಮನೆಗೆ ಪುಕ್ಕಟೆ ಸಿಗುವುದು 200 ಯುನಿಟ್ ಅಲ್ಲ, 58. ಅದು ಕೂಲರಿಗೆ ಎರಡು ವಾರವೂ ಸಾಲಲಿಲ್ಲ. ಹೊಸ ಮನೆಗೆ ಹೋಗುವವರು ಮೀಟರಿನ ಹಳೆಯ ಬಿಲ್ಲು ಕೇಳಿ ನೋಡಬೇಕು ಅನ್ನುವುದು ನನಗೆ ಗೊತ್ತಾದದ್ದು ಹೀಗೆ.

ಜೂನಿನಲ್ಲಿ ಮಳೆ ಹಿಡಿಯಿತು. ಎರೆ ಮಣ್ಣಿನ ಗುಣ ಹೊಲದವರಿಗೆ ಗೊತ್ತು, ಲೇಔಟ್ ಮಾರುವವರಿಗೆ ಮರೆತಿರುತ್ತದೆ. ಮುಖ್ಯ ರಸ್ತೆಯಿಂದ ಅರ್ಧ ದೂರ ಡಾಂಬರು, ಉಳಿದರ್ಧ ಕರಿ ಮಣ್ಣು. ಚಪ್ಪಲಿ ಎತ್ತಿಟ್ಟರೆ ಅರ್ಧ ಕೆ.ಜಿ. ಮಣ್ಣು ಮೆತ್ತಿಕೊಂಡೇ ಬರುತ್ತದೆ. ಗಾಡಿಯ ಮಡ್‌ಗಾರ್ಡಿನೊಳಗೆ ಮಣ್ಣು ಸಿಕ್ಕಿ ಚಕ್ರ ತಿರುಗುವುದೇ ನಿಲ್ಲುತ್ತದೆ. ನಮ್ಮ ಮನೆಯವರು ಡಿಕ್ಕಿಯಲ್ಲಿ ಒಂದು ತೊಗರಿ ಕಟ್ಟಿಗೆ ಇಟ್ಟುಕೊಂಡಿದ್ದರು. ನೂರು ಹೆಜ್ಜೆಗೊಮ್ಮೆ ನಿಲ್ಲಿಸಿ, ಬಗ್ಗಿ, ಚಕ್ರದ ಸಂದಿನಿಂದ ಮಣ್ಣು ಕೆದರಿ ತೆಗೆಯುವುದು, ಮತ್ತೆ ತಳ್ಳುವುದು. ನಾನು ಡ್ಯೂಟಿ ಶೂಗಳನ್ನು ಕ್ಯಾರಿಬ್ಯಾಗಿನಲ್ಲಿ ಹಾಕಿಕೊಂಡು ಬರಿಗಾಲಲ್ಲಿ ಮುಖ್ಯ ರಸ್ತೆ ಮುಟ್ಟಿ, ಚಹಾದ ಅಂಗಡಿಯ ಹತ್ತಿರ ಬಾಟಲಿ ನೀರಿನಲ್ಲಿ ಕಾಲು ತೊಳೆದು, ಶೂ ಹಾಕಿಕೊಂಡು ಬಸ್ ಕಾಯುತ್ತಿದ್ದೆ. ಅಂಗಡಿಯವರು ಎರಡನೇ ವಾರದಿಂದ ನನಗೆಂದೇ ಒಂದು ಚೆಂಬು ತೆಗೆದಿಟ್ಟಿದ್ದರು. ಶಾಲೆಯ ವ್ಯಾನು ಒಳಗೆ ಬರುವುದಿಲ್ಲ ಅಂದಿತು. ಮಗಳನ್ನು ಅತ್ತಿ ಸೊಂಟದ ಮೇಲೆ ಹೊತ್ತು ರಸ್ತೆಯವರೆಗೆ ಬಿಡುತ್ತಿದ್ದರು. ಆರು ವರ್ಷದ ಕೂಸು, ಅರವತ್ತು ದಾಟಿದ ಸೊಂಟ.

2023ರ ಜೂನಿನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ. ಮುಖ್ಯ ರಸ್ತೆಯಲ್ಲಿ ನನಗೂ ಪುಕ್ಕಟೆಯೇ. ಆದರೆ ರಾತ್ರಿ 8ಕ್ಕೆ ಡ್ಯೂಟಿ ಮುಗಿಸಿ ಬಂದು ಆ ಕೊನೆಯ ಒಂದು ಕಿಲೋಮೀಟರ್ ನಾಯಿಗಳ ನಡುವೆ, ಕತ್ತಲಲ್ಲಿ ನಡೆಯುವ ಧೈರ್ಯ ಇಲ್ಲದೆ ದವಾಖಾನೆಯ ಬಾಗಿಲಿಂದಲೇ ಆಟೋ ಮಾಡುತ್ತಿದ್ದೆ. ಪುಕ್ಕಟೆ ಬಸ್ಸು ಕಣ್ಣೆದುರೇ ಹೋಗುತ್ತಿತ್ತು.

ಲೆಕ್ಕ ಬರೆಯುವ ಗಂಡ ಇದ್ದರೆ ಒಂದು ಅನುಕೂಲ, ಸುಳ್ಳು ಸಮಾಧಾನಕ್ಕೆ ಜಾಗ ಇರುವುದಿಲ್ಲ. ಮೇ ತಿಂಗಳ ಚೀಟಿ ಇನ್ನೂ ಇದೆ: ಬಾಡಿಗೆ 6,500, ಟ್ಯಾಂಕರ್ 1,800, ಪೆಟ್ರೋಲ್ 3,200, ಆಟೋ 900. ಒಟ್ಟು 12,400, ಕರೆಂಟು ಬೇರೆ. ಬ್ರಹ್ಮಪುರದಲ್ಲಿದ್ದಿದ್ದರೆ ಬಾಡಿಗೆ 9,000, ಪೆಟ್ರೋಲ್ 1,500. ಬಾಡಿಗೆಯಲ್ಲಿ 2,500 ಉಳಿಸಲು ಹೋಗಿ ಕೈಯಿಂದ 1,900 ಹೆಚ್ಚಿಗೆ ಹಾಕಿದ್ದೆವು.

ಗೋಡೆಯ ಬಿರುಕಿನ ಮಾತು ಬಿಟ್ಟೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಸೀಳುತ್ತದೆ. ಗಟ್ಟಿ ಮೊರಂ (ಗರಸು ಮಣ್ಣು) ಸಿಗುವತನಕ ಅಗೆದು ಪಾಯ ಹಾಕದಿದ್ದರೆ ಮನೆಯೂ ಅದರ ಜೊತೆ ಏರಿ ಇಳಿಯುತ್ತದೆ. ನಮ್ಮ ಮಲಗುವ ಖೋಲಿಯಲ್ಲಿ ಕಿಟಕಿಯ ಮೂಲೆಯಿಂದ ಹೊರಟ ಗೆರೆ ಹಲ್ಲಿ ಹತ್ತಿದ ಹಾಗೆ ಓರೆಯಾಗಿ ಹತ್ತುತ್ತ ದೀಪಾವಳಿಯ ಹೊತ್ತಿಗೆ ಸೂರು ಮುಟ್ಟಿತ್ತು. ಮನೆಗೆ ಮೂರು ವರ್ಷ ಆಗಿರಲಿಲ್ಲ. ಮಾಲೀಕರು ಪುಟ್ಟಿ ಮೆತ್ತಿಸಿದರು.

ಇದೆಲ್ಲದಕ್ಕಿಂತ ಹೆಚ್ಚು ನನಗೆ ತಾಗಿದ್ದು ಅತ್ತಿಯ ಮಾತು. ಸಿಟ್ಟಿನಿಂದ ಅಂದದ್ದಲ್ಲ, ಅಕ್ಕಿ ಆರಿಸುತ್ತ ಅಂದದ್ದು: "ಹಗಲೆಲ್ಲ ಕದಾ ಹಾಕ್ಕೊಂಡು ಕುಂತ್ರ ಮನಿಗೂ ಜೈಲಿಗೂ ಏನು ಫರಕ ಅದವಾ?" ನಾವಿಬ್ಬರೂ ದಿನಕ್ಕೆ ಎಂಟು ತಾಸು ಹೊರಗೇ ಇರುವವರು. ಆ ಮನೆಯಲ್ಲಿ ನಿಜವಾಗಿ ಸಂಸಾರ ಮಾಡಿದವರು ಅವರು, ಎರಡು ಕೂಸುಗಳ ಜೊತೆ.

ಹನ್ನೊಂದು ತಿಂಗಳ ಕರಾರು ಮುಗಿದ ಮೇಲೆ ಶಹಾಬಾದ್. ಕಲಬುರಗಿಯಿಂದ ಸುಮಾರು 25 ಕಿಲೋಮೀಟರ್. ನನ್ನ ಸೋದರಮಾವನ ಮನೆ ಖಾಲಿ ಇತ್ತು, 3,000 ಕೊಡಿ ಸಾಕು ಅಂದರು. ಆ ಊರಿನ ಕಲ್ಲಿನ ಹೆಸರು ಕೇಳದವರಿಲ್ಲ, ನಿಮ್ಮ ಅಜ್ಜಿಯ ಮನೆಯ ನೆಲವೂ ಬಹುಶಃ ಅದೇ. ಅಲ್ಲಿ ನೆಲಕ್ಕಷ್ಟೇ ಅಲ್ಲ, ಗೋಡೆಗೆ ಫರಸಿ (ಹಾಸುಗಲ್ಲು), ಮಾಳಿಗೆಗೆ ಫರಸಿ, ಕಟ್ಟೆಗೆ ಫರಸಿ, ಬಟ್ಟೆ ಒಗೆಯುವುದಕ್ಕೂ ಫರಸಿ. ಮೇ ತಿಂಗಳ ಮಧ್ಯಾಹ್ನ ನೆಲಕ್ಕೆ ನೀರು ಚಿಮುಕಿಸಿ, ಒರೆಸಿ, ಮಗನನ್ನು ಬರಿ ಮೈಯಲ್ಲಿ ಮಲಗಿಸಿದರೆ ಕೂಲರಿಲ್ಲದೆ ಎರಡು ತಾಸು ನಿದ್ದೆ ಮಾಡುತ್ತಿದ್ದ. ಟೈಲ್ಸಿನ ಮನೆಯಲ್ಲಿ ಈ ಸುಖ ಕಂಡಿರಲಿಲ್ಲ. ಮಳೆಗಾಲದಲ್ಲಿ ಕಲ್ಲಿನ ಸಂದಿನಿಂದ ಹನಿಯುತ್ತದೆ, ಅದೊಂದು ಇದೆ. ವರ್ಷಕ್ಕೊಮ್ಮೆ ಸಿಮೆಂಟ್ ನೀರು ಕುಡಿಸಬೇಕು ಅಂತ ಮಾವ ಮೊದಲೇ ಹೇಳಿದ್ದರು.

ಕೊನೆಯ ಒಂದು ಕಿಲೋಮೀಟರ್ ಲೆಕ್ಕದಲ್ಲಿ ಶಹಾಬಾದನ್ನು ಹೊಡೆಯುವ ಜಾಗ ಇಲ್ಲ. ಸ್ಟೇಷನ್ನಿನಿಂದ ಮನೆಗೆ ಹತ್ತು ನಿಮಿಷ, ದಾರಿಯುದ್ದಕ್ಕೂ ದೀಪ, ಭಜಿ ಕರಿಯುವವರು, "ಈಗ ಬಂದೇನವಾ?" ಅಂತ ಕೇಳುವವರು. ಮುಂಬೈ-ಚೆನ್ನೈ ಮುಖ್ಯ ಮಾರ್ಗದ ಮೇಲಿನ ಊರು. ರೈಲಿನ ತಿಂಗಳ ಪಾಸು ಒಂದು ವಾರದ ಪೆಟ್ರೋಲಿಗಿಂತ ಅಗ್ಗ. ಎಲ್ಲ ಸೇರಿ ತಿಂಗಳಿಗೆ 6,000 ದಾಟುತ್ತಿರಲಿಲ್ಲ. ಚೀಟಿ ನೋಡಿ ನಮ್ಮ ಮನೆಯವರು ನಕ್ಕದ್ದು ಆ ಐದು ತಿಂಗಳಲ್ಲೇ.

ಆದರೆ ರೈಲು ನಮ್ಮ ಶಿಫ್ಟು ನೋಡಿ ಬರುವುದಿಲ್ಲ. ಸೂಪರ್‌ಫಾಸ್ಟ್ ಹತ್ತಬೇಕೆಂದರೆ ಪಾಸಿನ ಮೇಲೆ ಮತ್ತೆ ದುಡ್ಡು, ಅದರಲ್ಲಿ ಎಷ್ಟೋ ಗಾಡಿಗಳಿಗೆ ಶಹಾಬಾದಿನಲ್ಲಿ ನಿಲುಗಡೆಯೂ ಇಲ್ಲ. ಬೆಳಗಿನ 8ರ ಡ್ಯೂಟಿಗೆ ಹೆಂಗೋ ಹೊಂದುತ್ತಿತ್ತು. ಕೆಟ್ಟದ್ದು ಮಧ್ಯಾಹ್ನದ್ದು. ರಾತ್ರಿ 8ಕ್ಕೆ ಚಾರ್ಜ್ ಒಪ್ಪಿಸಿ, ಸ್ಟೇಷನ್ನಿಗೆ ಓಡಿ, ಗಾಡಿ ತಡವೆಂದು ಕಾದು, ಹತ್ತಿದ ಮೇಲೆ ಎಲ್ಲೋ ಸಿಗ್ನಲ್ಲಿಗೆ ನಿಂತು, ಮನೆ ಮುಟ್ಟುವಾಗ ಹತ್ತೂವರೆ. ಒಂದು ವಾರ ಸೋಮವಾರದಿಂದ ಶನಿವಾರದವರೆಗೆ ಮಗ ಎಚ್ಚರಿದ್ದುದನ್ನು ನಾನು ಸರಿಯಾಗಿ ನೋಡಲಿಲ್ಲ. ಬೆಳಗ್ಗೆ ಅವನು ಏಳುವ ಮೊದಲು ನೀರು, ಅಡುಗೆ. ಎದ್ದ ಮೇಲೆ ಒಂದು ತಾಸಿನಲ್ಲಿ ನಾನು ಹೊರಡಬೇಕು. ಭಾನುವಾರ ಎತ್ತಿಕೊಳ್ಳಲು ಹೋದರೆ ಅಜ್ಜಿಯ ಸೆರಗು ಹಿಡಿದು ಹಿಂದೆ ಸರಿದ. ಆವತ್ತೇ ಸಂಜೆ ಇವರಿಗೆ ಹೇಳಿದೆ, ಇದು ನಡೆಯುವುದಿಲ್ಲ ಎಂದು.

ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರ ಕೆಲಸ ವಾಡಿಯಲ್ಲೋ ಶಹಾಬಾದಿನಲ್ಲೋ ಇದ್ದರೆ ನಾನು ಬೇರೆ ಊರಿನ ಹೆಸರನ್ನೇ ಹೇಳುವುದಿಲ್ಲ. ಇಬ್ಬರೂ ಕಲಬುರಗಿಗೆ ಬರುವವರಾದರೆ, ಕೂಸು ಸಣ್ಣದಿದ್ದರೆ, ಬೇಡ.

ಈಗಿರುವುದು ಕಪನೂರ, ಹುಮನಾಬಾದ್ ರಸ್ತೆಗೆ. ಇಲ್ಲಿಗೆ ಬರುವುದು ನನಗೆ ಮನಸ್ಸೇ ಇರಲಿಲ್ಲ. ಮಿಲ್ಲಿನ ಕಡೆ ಅಂದರೆ ಧೂಳು, ಲಾರಿ ಎಂದೇ ತಲೆಯಲ್ಲಿತ್ತು. ಅದು ಸುಳ್ಳೂ ಅಲ್ಲ. ಮಾಲೀಕರ ಮನೆಯ ಹಿಂಭಾಗದ ಎರಡು ಖೋಲಿ, ಅಡುಗೆಮನೆಗೆ ತಗಡಿನ ಪತ್ರಾ, ಸಂಡಾಸು ಅಂಗಳದಾಚೆ, ಬಾಡಿಗೆ 4,500. ಮೂರರಲ್ಲಿ ಕಣ್ಣಿಗೆ ಕಳಪೆ ಇದೇ.

ಬಸ್ ಇಳಿದು ಮನೆಗೆ ಮುನ್ನೂರು ಹೆಜ್ಜೆ, ಫರಸಿ ಹಾಸಿದ ಓಣಿ. ಸೂಪರ್ ಮಾರ್ಕೆಟಿಗೆ ನೇರ ಬಸ್ಸು, ಶೂನ್ಯ ಟಿಕೆಟ್ಟು. ನಮ್ಮ ಮನೆಯವರು ಮಿಲ್ಲಿಗೆ ನಡೆದು ಹೋಗುತ್ತಾರೆ, ಮಧ್ಯಾಹ್ನ ಊಟಕ್ಕೆ ಬರುತ್ತಾರೆ. ಅಂದರೆ ನನ್ನ ಮಧ್ಯಾಹ್ನದ ಶಿಫ್ಟಿನಲ್ಲಿ ಅತ್ತಿಗೆ ಒಂದು ತಾಸು ಕಾಲು ಚಾಚುವ ಪುರುಸೊತ್ತು. ಅಂಗನವಾಡಿ ಓಣಿಯ ತುದಿಗೇ ಇದೆ. ಅತ್ತಿಗೆ ಕಟ್ಟೆಯ ಮೇಲೆ ನಾಲ್ಕು ಮಂದಿ ಗೆಳತಿಯರಾಗಿದ್ದಾರೆ, ಯಾರ ಮನೆಯ ಸೊಸೆ ಎಷ್ಟು ಹೊತ್ತಿಗೆ ಏಳುತ್ತಾಳೆ ಎಂಬುದೆಲ್ಲ ಈಗ ನನಗೂ ಗೊತ್ತು. ಖರ್ಚು ಹೆಚ್ಚುಕಡಿಮೆ ಶಹಾಬಾದಿನಷ್ಟೇ, 6,000ದ ಆಸುಪಾಸು.

ದೂರು ಇಲ್ಲವೇ ಅಂದರೆ, ಇದೆ. ಹೊಸ ತೊಗರಿ ಬರುವ ಜನವರಿಯ ಸುಗ್ಗಿಯಲ್ಲಿ ಮಿಲ್ಲುಗಳು ಬಿಡುವಿಲ್ಲದೆ ನಡೆಯುತ್ತವೆ. ಕಾಳಿಗೆ ಎಣ್ಣೆ ಸವರಿ, ನೀರು ಹೊಡೆದು, ಅಂಗಳದಲ್ಲಿ ಒಣಗಿಸಿ ಸಿಪ್ಪೆ ಬಿಡಿಸುವ ಕೆಲಸ. ಆ ಹೊಟ್ಟಿನ ನವಿರು ಧೂಳು ಒಣಹಾಕಿದ ಬಿಳಿ ಯೂನಿಫಾರ್ಮಿನ ಮೇಲೆ ಅರಿಶಿನ ಚಿಮುಕಿಸಿದ ಹಾಗೆ ಕೂತಿರುತ್ತದೆ. ಆ ಎರಡು ತಿಂಗಳು ಬಟ್ಟೆ ಒಳಗೇ ಒಣಗಿಸುತ್ತೇನೆ, ಕಿಟಕಿಗೆ ಒದ್ದೆ ಬಟ್ಟೆ ಕಟ್ಟುತ್ತೇನೆ. ನರ್ಸಾಗಿ ಹೇಳುವುದಾದರೆ, ಮಗುವಿಗೆ ದಮ್ಮು, ಉಬ್ಬಸ ಇದ್ದವರು ಈ ಕಡೆ ಬರಲೇಬಾರದು, ಬಾಡಿಗೆ ಎಷ್ಟೇ ಕಡಿಮೆಯಿರಲಿ. ಹೆದ್ದಾರಿ ದಾಟುವುದೂ ಮಕ್ಕಳ ಕೆಲಸವಲ್ಲ. ಮಗಳ ಕೈ ಬಿಟ್ಟು ಒಂದು ದಿನವೂ ದಾಟಿಸಿಲ್ಲ.

ಸೇಡಂ ರಸ್ತೆಯ ಲೇಔಟು ಯಾರಿಗೂ ಬೇಡ ಅನ್ನುವುದಿಲ್ಲ. ಕಾರು ಇದ್ದು, ಹಗಲು ಕೆಲಸವಿದ್ದು, ಮನೆಯಲ್ಲಿ ಒಬ್ಬಂಟಿ ಹಿರಿಯರಿಲ್ಲದವರಿಗೆ ಅದು ಒಳ್ಳೆಯ ಮನೆಯೇ. ಸೈಟು ಕೊಳ್ಳುವವರಿಗೆ ಮಾತ್ರ ಒಂದು ಮಾತು: ನೋಡಲು ಜನವರಿಯಲ್ಲಿ ಹೋಗಬೇಡಿ, ಆಗಸ್ಟಿನಲ್ಲಿ ಹೋಗಿ, ಅದೂ ಗಾಡಿ ಮುಖ್ಯ ರಸ್ತೆಯಲ್ಲಿ ನಿಲ್ಲಿಸಿ ನಡೆದು ಹೋಗಿ. ಅಲ್ಲಿ ಈಗಾಗಲೇ ಮನೆ ಕಟ್ಟಿದವರನ್ನು ಪಾಯ ಎಷ್ಟು ಅಡಿಗೆ ಇಳಿಸಿದಿರಿ, ಮೊರಂ ಎಲ್ಲಿ ಸಿಕ್ಕಿತು ಅಂತ ಕೇಳಿ. ಎನ್‌ಎ (ಹೊಲದ ಜಾಗ ಕೃಷಿಯೇತರ ಬಳಕೆಗೆ ಬದಲಾವಣೆ) ಆಗಿದೆಯೇ, ಲೇಔಟಿಗೆ ಮಂಜೂರಾತಿ ಇದೆಯೇ, ಪಂಚಾಯ್ತಿ ಹದ್ದಿನಲ್ಲಿದ್ದರೆ ಇ-ಸ್ವತ್ತಿನ (ಪಂಚಾಯ್ತಿಯ ಕಂಪ್ಯೂಟರ್ ಆಸ್ತಿ ದಾಖಲೆ) ನಮೂನೆ 9 ಮತ್ತು 11 ಇವೆಯೇ ಅನ್ನುವುದನ್ನು ಕಾಗದದಲ್ಲೇ ನೋಡಿ, ಬಾಯಿಮಾತಿಗೆ ಮುಂಗಡ ಕೊಡಬೇಡಿ. ಕಾಗದ ಸರಿಯಿಲ್ಲದಿದ್ದರೆ ಬ್ಯಾಂಕಿನವರು ಸಾಲದ ಅರ್ಜಿಯನ್ನೇ ಮುಟ್ಟುವುದಿಲ್ಲ.

ಮೊನ್ನೆ ಕಪನೂರದ ಕರಾರೂ ಮುಗಿಯಿತು. ಮಾಲೀಕರು 500 ಏರಿಸಿದರು. ಊಟ ಮುಗಿಸಿದ ನಮ್ಮ ಮನೆಯವರು ಹಳೇ ಚಾಳಿಯಂತೆ ಮೊಬೈಲ್ ತೆಗೆದು ಮನೆ ಹುಡುಕಲು ಕೂತರು. ಅತ್ತಿ ಎಲೆ ಅಡಿಕೆ ಮಡಚುತ್ತ ಅಂದರು: "ಯಪ್ಪಾ, ಅದನ್ನ ಅತ್ತಾಗ ಇಡು. ಬ್ಯಾಸಿಗಿ ಬಂತು, ಅಡಗಿ ಮನಿ ಪತ್ರಾದ ಮ್ಯಾಲ ಏನರ ಹಾಸೂದು ನೋಡು ಮದ್ಲ."

ಮರುದಿನ ಮಧ್ಯಾಹ್ನ ಊಟಕ್ಕೆ ಬರುವಾಗ ಅವರ ಹೆಗಲ ಮೇಲೆ ಮಿಲ್ಲಿನ ಹತ್ತು ಹಳೆಯ ಗೋಣಿಚೀಲ ಇದ್ದವು.