ಗೇರ್‌ಬಾಕ್ಸ್ ಕ್ರಾಸ್‌ಮೆಂಬರ್ ಬುಶ್: ಕಂಪನಿ ರಬ್ಬರ್, ಪಿಯು, ಬೆಲ್ಟ್ – ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ತೊಗರಿ ಚೀಲ, ಸಿಮೆಂಟು, ಶಹಾಬಾದ್ ಫರಸಿ ಹೊರುವ ಹಳೆ ಡೀಸೆಲ್ ಪಿಕಪ್‌ಗೆ ಗೇರ್‌ಬಾಕ್ಸ್ ಕೆಳಗೆ ಕಂಪನಿ ರಬ್ಬರೇ ಇರಬೇಕು. ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ, ಅಂದರೆ ಕ್ರಾಸ್‌ಮೆಂಬರ್, ಚಾಸಿಗೆ ಕೂಡುವ ಎರಡು ತುದಿಗಳಲ್ಲಿ ಪಿಯು (ಪಾಲಿಯುರೆಥೇನ್) ಬುಶ್, ಅಂದರೆ ಲೋಹಗಳ ನಡುವೆ ಕೂರುವ ಮೆತ್ತೆ, ಹಾಕಬಹುದು, ಚೆನ್ನಾಗಿ ಕೆಲಸ ಮಾಡುತ್ತದೆ. ಕನ್ವೇಯರ್ ಬೆಲ್ಟಿನಿಂದ ಕಡೆಸಿದ ಬುಶ್ ದಾರಿಯಲ್ಲಿ ಕೈಕೊಟ್ಟ ಗಾಡಿಯನ್ನು ಊರು ಮುಟ್ಟಿಸಲಿಕ್ಕೆ ಮಾತ್ರ. ಹೆಸರಿಲ್ಲದ ಚೀಲದಲ್ಲಿ ಸಿಗುವ ಅಗ್ಗದ ರಬ್ಬರ್ ಬುಶ್ ಯಾವುದಕ್ಕೂ ಬೇಡ. ನಮ್ಮ ಗಾಡಿಗೂ ಅಣ್ಣನ ಗಾಡಿಗೂ ಈ ನಾಲ್ಕೂ ಬಗೆಯನ್ನು ಮನೆಯಂಗಳದಲ್ಲೇ ಹಾಕಿ, ಓಡಿಸಿ, ಬಿಚ್ಚಿ ನೋಡಿದ್ದೇನೆ.

ಗಾಡಿಯ ಕೆಳಗೆ ಮಲಗಿ ನೋಡಿದರೆ ಗೇರ್‌ಬಾಕ್ಸಿನ ಬಾಲದ ಕಡೆ, ಚಾಸಿಯ ಎರಡು ಉದ್ದ ಪಟ್ಟಿಗಳ ನಡುವೆ ಅಡ್ಡ ಕೂತದ್ದೇ ಕ್ರಾಸ್‌ಮೆಂಬರ್. ಅದರ ನಡುಮಧ್ಯೆ ಗೇರ್‌ಬಾಕ್ಸ್ ಕೂರುವ ದಪ್ಪ ರಬ್ಬರ್ ಇರುತ್ತದೆ. ನಮ್ಮ ಕಲಬುರಗಿ ಕಡೆ ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಫೌಂಡೇಶನ್ ಎಂದು ಕೇಳಿದರೆ ಅದನ್ನೇ ಕೊಡುತ್ತಾರೆ. ನಮ್ಮ ಗಾಡಿಯಲ್ಲಿ ಈ ಅಡ್ಡಪಟ್ಟಿಯ ಎರಡೂ ತುದಿಗೆ ಮತ್ತೆ ಬುಶ್‌ಗಳಿವೆ: ಮೇಲೊಂದು ಕೆಳಗೊಂದು ರಬ್ಬರ್ ಬಿಲ್ಲೆ, ಎರಡನ್ನೂ ತೂರಿ ನಿಂತ ಕಬ್ಬಿಣದ ಪೈಪ್ ತುಂಡು, ಅದರೊಳಗೆ ಬೋಲ್ಟು. ಎಲ್ಲ ಗಾಡಿಯಲ್ಲೂ ಹೀಗೇ ಇರುವುದಿಲ್ಲ. ಕೆಲವದರಲ್ಲಿ ಪಟ್ಟಿಯನ್ನು ನೇರ ಚಾಸಿಗೆ ಬಿಗಿದಿರುತ್ತಾರೆ, ಆಗ ನಡುವಿನ ಫೌಂಡೇಶನ್ ಒಂದನ್ನೇ ನೋಡಿಕೊಂಡರೆ ಸಾಕು.

ಈ ಸಣ್ಣ ರಬ್ಬರಿನ ಮೇಲೆ ಬೀಳುವ ಭಾರ ಗೇರ್‌ಬಾಕ್ಸಿನ ತೂಕವೊಂದೇ ಅಲ್ಲ. ಇಂಜಿನ್ 200 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿದೆ, ಮೊದಲ ಗೇರಿನ ಅನುಪಾತ 4 ಇದೆ ಎಂದಿಟ್ಟುಕೊಳ್ಳಿ. ಹಿಂದಿನ ಚಕ್ರಗಳ ಕಡೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಹೋಗುವುದು 800. ಅಷ್ಟೇ ಬಲ ಎದುರು ದಿಕ್ಕಿನಲ್ಲಿ ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ಸೇರಿಸಿ ತಿರುಚುತ್ತದೆ, ಅದನ್ನು ತಡೆಯುವುದು ಫೌಂಡೇಶನ್‌ಗಳು. ಎರೆ ಹೊಲದ ದಾರಿಯಲ್ಲಿ ತೊಗರಿ ತುಂಬಿಕೊಂಡು ಮೊದಲ ಗೇರಿನಲ್ಲಿ ಏರುವ ಗಾಡಿಗಳ ಬುಶ್ಶು, ಹುಮನಾಬಾದ್ ರಸ್ತೆಯಲ್ಲಿ ಖಾಲಿ ಓಡಾಡುವ ಗಾಡಿಗಳಿಗಿಂತ ಬೇಗ ಹೋಗುವುದು ಇದೇ ಕಾರಣಕ್ಕೆ.

ಬುಶ್ ಹೋದದ್ದನ್ನು ಗೇರ್ ಲಿವರೇ ಹೇಳುತ್ತದೆ. ಕ್ಲಚ್ ಬಿಟ್ಟ ಕೂಡಲೇ ಲಿವರ್ ಹಿಂದೆ ಮುಂದೆ ಜಿಗಿಯುತ್ತದೆ. ಮೊದಲ ಗೇರಿನಿಂದ ರಿವರ್ಸ್‌ಗೆ ಹಾಕಿದಾಗ ಕೆಳಗೆ ಧಡ್ ಎನ್ನುತ್ತದೆ. ಭಾರ ಹೊತ್ತು ಏರುವಾಗ ಗೇರ್ ತಾನೇ ಜಾರಿ ನ್ಯೂಟ್ರಲ್‌ಗೆ ಬರುವುದೂ ಉಂಟು. ರಬ್ಬರ್ ಕುಸಿದು ಗೇರ್‌ಬಾಕ್ಸಿನ ಬಾಲ ಕೆಳಗಿಳಿದರೆ ಶಾಫ್ಟಿನ ಮುಂದಿನ ಕ್ರಾಸ್ (ಬಾಗುತ್ತಲೇ ತಿರುಗುವ ಜಾಯಿಂಟ್) ಮತ್ತು ಹಿಂದಿನ ಕ್ರಾಸ್‌ಗಳ ಕೋನ ಒಂದಕ್ಕೊಂದು ಹೊಂದುವುದಿಲ್ಲ. ಆಗ ವೇಗ ಹಿಡಿದಾಗ ಇಡೀ ಗಾಡಿ ನಡುಗುತ್ತದೆ. ಜನ ಚಕ್ರದ ಬ್ಯಾಲೆನ್ಸಿಂಗಿಗೆ ದುಡ್ಡು ಹಾಕುತ್ತಾರೆ, ಬೇನೆ ಇರುವುದು ನಡುವಿನಲ್ಲಿ. ಖಚಿತ ಮಾಡಿಕೊಳ್ಳಲು ಇಂಜಿನ್ ಬಂದ್ ಮಾಡಿ, ಪಟ್ಟಿ ಮತ್ತು ಗೇರ್‌ಬಾಕ್ಸ್ ನಡುವೆ ಹಾರೆ ಕೊಟ್ಟು ಮೆಲ್ಲಗೆ ಎತ್ತಿ ನೋಡಿ. ಸ್ವಲ್ಪ ಮಿಸುಕಿ ವಾಪಸು ಕೂತರೆ ಸರಿ. ರಬ್ಬರ್ ಬಿರುಕು ಬಾಯಿ ತೆರೆದರೆ, ಇಲ್ಲವೇ ಲೋಹ ಲೋಹಕ್ಕೆ ತಾಗಿ ಟಕ್ ಎಂದರೆ ಬದಲಿಸುವ ಕಾಲ ಬಂತು.

ಈಗ ಹೋಲಿಕೆಗೆ ಬರೋಣ. ಹೆಸರಿಲ್ಲದ ರಬ್ಬರಿನದು ಬೇಗ ಮುಗಿಯುವ ಮಾತು. ನೋಡಲು ಕಂಪನಿ ಮಾಲಿನಂತೆಯೇ ಇತ್ತು, ಬೆಲೆ ಅರ್ಧಕ್ಕಿಂತ ಕಡಿಮೆ. ಉಗುರು ಒತ್ತಿದರೆ ಒಂದು ಬಿಲ್ಲೆ ಮೆತ್ತಗೆ, ಇನ್ನೊಂದು ಗಟ್ಟಿ. ಒಂದೇ ಚೀಲದೊಳಗಿನವೇ ಹೀಗಿದ್ದವು. ವರ್ನಿಯರ್ ಹಿಡಿದು ನೋಡಿದಾಗ ನಡುವಿನ ಪೈಪ್ ಹಳೆಯದಕ್ಕಿಂತ 4 ಮಿಲಿಮೀಟರ್ ಗಿಡ್ಡ. ಬೋಲ್ಟು ಬಿಗಿಯುತ್ತ ಹೋದಂತೆ ರಬ್ಬರ್ ಪಕ್ಕಕ್ಕೆ ಉಬ್ಬಿ ಬಂತು. ಸುಗ್ಗಿಯ ಹೊರೆ ಶುರುವಾದ ಮೇಲೆ ಬಿಚ್ಚಿ ನೋಡಿದರೆ ಆ ಉಬ್ಬಿನ ಸುತ್ತಲೂ ಬಿರುಕು.

ಕಂಪನಿ ರಬ್ಬರಿನ ಗುಣ ಇದಕ್ಕೆ ಪೂರ್ತಿ ಬೇರೆ. ಇಂಥ ರಬ್ಬರಿನ ಗಡಸು ಸಾಮಾನ್ಯವಾಗಿ ಶೋರ್ ಎ ಅಳತೆಯಲ್ಲಿ (ಅಂಕಿ ಹೆಚ್ಚಿದಷ್ಟೂ ಗಟ್ಟಿ) 50ರಿಂದ 65ರ ಆಸುಪಾಸು. ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್ ನಿಮಿಷಕ್ಕೆ 750 ಸುತ್ತಿನಲ್ಲಿ ನಿಂತಲ್ಲೇ ಓಡುವಾಗ ಸೆಕೆಂಡಿಗೆ 25 ಹೊಡೆತ ಹೊಡೆಯುತ್ತದೆ. ಆ ಹೊಡೆತವನ್ನು ನುಂಗಲಿಕ್ಕೆ ಈ ಮೆದುತನ ಬೇಕೇ ಬೇಕು. ಹಾಕಿದ ದಿನವೇ ವ್ಯತ್ಯಾಸ ಕೈಗೆ ಸಿಗುತ್ತದೆ: ಲಿವರ್ ಸುಮ್ಮನೆ ನಿಲ್ಲುತ್ತದೆ, ಕನ್ನಡಿಯಲ್ಲಿ ಹಿಂದಿನ ಗಾಡಿ ಅಲ್ಲಾಡದೆ ಕಾಣುತ್ತದೆ. ಇದರ ವೈರಿ ಎಣ್ಣೆ. ಗೇರ್‌ಬಾಕ್ಸಿನ ಹಿಂದಿನ ಆಯಿಲ್ ಸೀಲ್ ಸೋರುತ್ತಿದ್ದರೆ ಎಣ್ಣೆ ನೇರ ಫೌಂಡೇಶನ್ ಮೇಲೆ ಇಳಿದು, ರಬ್ಬರ್ ಊದಿಕೊಂಡು ಜಿಗುಟಾಗುತ್ತದೆ. ಹಾಗಾಗಿ ಮೊದಲು ಸೀಲ್, ಆಮೇಲೆ ಬುಶ್. ಇನ್ನೊಂದು ವೈರಿ ಕಾಲ. ಅಂಗಡಿಯ ಕಪಾಟಿನಲ್ಲಿ ವರ್ಷಗಟ್ಟಲೆ ಕೂತ ರಬ್ಬರ್ ಗಾಡಿಗೆ ಏರದೆಯೇ ಮುದಿಯಾಗಿರುತ್ತದೆ. ಪೊಟ್ಟಣದ ಮೇಲೆ ತಿಂಗಳು, ವರ್ಷ ಅಚ್ಚಾಗಿರುತ್ತದೆ, ಓದಿ ಕೊಳ್ಳಿ. ಬಾಗಿಸಿ ನೋಡಿದಾಗ ಮೇಲ್ಮೈಯಲ್ಲಿ ಕೂದಲಿನಂಥ ಗೆರೆ ಕಂಡರೆ ವಾಪಸು ಕೊಡಿ.

ಪಿಯು ನಮ್ಮ ಕಡೆ ಅಂಗಡಿಗಳಲ್ಲಿ ಸಲೀಸಾಗಿ ಸಿಗುವುದಿಲ್ಲ. ಹೈದರಾಬಾದಿನಿಂದ ತರಿಸಿಕೊಂಡೆ, ಬೆಲೆ ಕಂಪನಿ ರಬ್ಬರಿನ ಎರಡು ಪಟ್ಟು ದಾಟಿತು. ಗಡಸು 80ರ ಮೇಲೆ, ಉಗುರು ಇಳಿಯುವುದೇ ಇಲ್ಲ. ಎಣ್ಣೆಗೆ ಬಗ್ಗುವುದಿಲ್ಲ, ಸವೆತ ಕಡಿಮೆ. ಮೊದಲು ಅದನ್ನು ಅಣ್ಣನ ಗಾಡಿಯಲ್ಲಿ ನಡುವಿನ ಫೌಂಡೇಶನ್ ಜಾಗಕ್ಕೂ ಎರಡು ತುದಿಗೂ ಹಾಕಿ ನೋಡಿದೆವು. ಗೇರ್ ಬೀಳುವುದು ಬಂದೂಕಿನ ಬೋಲ್ಟಿನಷ್ಟು ನಿಖರವಾಯಿತು. ಹೊರೆ ಹೊತ್ತು ಜೇವರ್ಗಿ ಕಡೆಯಿಂದ ಭೀಮಾ ಸೇತುವೆ ದಾಟಿ ಬರುವಾಗ ಲಿವರ್ ಮಿಸುಕಲಿಲ್ಲ. ಆದರೆ ಗಂಜ್ ಮಾರುಕಟ್ಟೆಯಲ್ಲಿ ಸರದಿಗೆ ನಿಂತಾಗ ಅಣ್ಣನ ಮುಖ ಸಣ್ಣಗಾಯಿತು. "ತಮ್ಮಾ, ನಿಂತಾಗ ಸ್ಟೇರಿಂಗ್ ಹಿಡಕೊಂಡ್ರ ಕೈ ಜುಮ್ ಅಂತದ. ಡ್ಯಾಶ್‌ಬೋರ್ಡಿನ ಒಂದೊಂದು ಸ್ಕ್ರೂ ಮಾತಾಡ್ಲಾಕತ್ತದ ನೋಡು," ಅಂದ. ಇಡೀ ದಿನ ಸೀಟಿನಲ್ಲಿ ಕೂರುವವನ ಮಾತು ಅದು, ಅದಕ್ಕೆ ಬೆಲೆ ಕೊಡಲೇಬೇಕು.

ನಡುವಿನದನ್ನು ಮಾತ್ರ ತೆಗೆದು ಕಂಪನಿ ರಬ್ಬರ್ ಹಾಕಿ, ತುದಿಗಳ ಪಿಯು ಹಾಗೇ ಉಳಿಸಿದೆವು. ಇಲ್ಲಿಗೆ ಬಂದು ನಿಂತಿತು ನಮ್ಮ ಹುಡುಕಾಟ. ಇಂಜಿನ್ನಿನ ನಡುಕವನ್ನು ಮೊದಲು ಮೆದು ರಬ್ಬರ್ ನುಂಗುತ್ತದೆ, ಉಳಿದದ್ದು ಪಟ್ಟಿಗೆ ಬರುವಷ್ಟರಲ್ಲಿ ಸಣ್ಣದಾಗಿರುತ್ತದೆ. ಪಟ್ಟಿಯೋ, ಗಟ್ಟಿ ಬುಶ್ಶಿನ ಮೇಲೆ ಕೂತದ್ದರಿಂದ ಆಚೀಚೆ ಓಲಾಡುವುದಿಲ್ಲ. ಗೇರಿನ ನಿಖರತೆಯಲ್ಲಿ ಬಹುಪಾಲು ಉಳಿಯಿತು, ಜುಮ್ ಎನ್ನುವುದು ಹೋಯಿತು. ಪಿಯುವಿಗೆ ಒಂದು ಉಪಚಾರ ಬೇಕು: ಅದು ಪೈಪಿಗೆ ಅಂಟಿರುವುದಿಲ್ಲ, ಒಳಗೆ ಸರಿದಾಡುತ್ತದೆ. ಒಣಗಿದರೆ ಕಿರ್ ಕಿರ್ ಎನ್ನುತ್ತದೆ. ಸಿಲಿಕೋನ್ ಗ್ರೀಸ್ ಸವರಿ ಹಾಕಬೇಕು. ಸೈಲೆನ್ಸರ್ ಪೈಪ್ ಹತ್ತಿರ ಹಾದುಹೋಗುವ ಕಡೆ ನಡುವೆ ಒಂದು ತಗಡು ಕೊಡಿ. ಮೇ ತಿಂಗಳಲ್ಲಿ ಹೊರಗೇ 42–43 ಡಿಗ್ರಿ ಇರುವ ಊರು ನಮ್ಮದು. ಸೈಲೆನ್ಸರಿನ ಕಾವೂ ಸೇರಿದರೆ ಪಿಯು ಆಗಲಿ ರಬ್ಬರ್ ಆಗಲಿ ಬಾಳುವುದಿಲ್ಲ.

ಬೆಲ್ಟಿನ ಬುಶ್ಶಿಗೆ ನಮ್ಮ ಜಿಲ್ಲೆಯಲ್ಲಿ ಬಲವಾದ ಅಭಿಮಾನಿಗಳಿದ್ದಾರೆ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಿಂದಾಗಿ ಹಳೆ ಕನ್ವೇಯರ್ ಬೆಲ್ಟ್ ಗುಜರಿಯಲ್ಲಿ ಕಾಣಸಿಗುತ್ತದೆ. ಕಪನೂರಿನ ಲೇತ್ ಅಂಗಡಿಯೊಂದರಲ್ಲಿ ಅದನ್ನು ದುಂಡಗೆ ಕಡೆಸಿದೆ. ಅಲ್ಲಿಯ ಹಿರಿಯ ಮಿಸ್ತ್ರಿ ಕಾಕಾ ಬೆಲ್ಟಿನ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿ, "ಕಡದು ಕೊಡ್ತೀನಿ, ಅದೇನ್ ದೊಡ್ಡದಲ್ಲ. ಆದ್ರ ನಡುವಿನ ಪೈಪಿನ ಅಳತಿ ನೀ ಕೊಡ್ಬೇಕು. ಜನ ರಬ್ಬರ್ ನೋಡ್ತಾರ, ಕೆಲಸ ಮಾಡೋದು ಪೈಪ್ ಅದ," ಅಂದರು. ಈ ಮಾತಿಗೆ ಮತ್ತೆ ಬರುತ್ತೇನೆ. ಬೆಲ್ಟಿನ ತೊಂದರೆ ಅದರ ಹುಟ್ಟಿನಲ್ಲೇ ಇದೆ. ಅದು ಒಂದೇ ಗಡ್ಡೆ ರಬ್ಬರ್ ಅಲ್ಲ. ಬಟ್ಟೆಯ ಪದರ, ರಬ್ಬರಿನ ಪದರ, ಮತ್ತೆ ಬಟ್ಟೆ. ಉದ್ದಕ್ಕೆ ಎಳೆದರೆ ಹರಿಯದಂತೆ ಮಾಡಿದ್ದು ಅದು. ಗೇರ್‌ಬಾಕ್ಸ್ ಅದನ್ನು ಎಳೆಯುವುದಿಲ್ಲ, ಒತ್ತುತ್ತದೆ ಮತ್ತು ಪಕ್ಕಕ್ಕೆ ತಳ್ಳುತ್ತದೆ. ಪಕ್ಕಕ್ಕೆ ತಳ್ಳಿದಾಗ ಪದರಗಳು ಒಂದರಿಂದೊಂದು ಬಿಡುತ್ತವೆ, ಆ ಸಂದಿಗೆ ಎಣ್ಣೆ ಇಳಿಯುತ್ತದೆ. ನಾನು ಬಿಚ್ಚಿದ ಬಿಲ್ಲೆಯ ಅಂಚು ಪುಸ್ತಕದ ಹಾಳೆಗಳಂತೆ ಅಗಲಿಕೊಂಡಿತ್ತು. ಹಳೆ ಲಾರಿ ಟೈರಿನಿಂದ ಕತ್ತರಿಸಿದವಕ್ಕೂ ಒಳಗೆ ನೂಲಿನ ಪದರ ಇರುವುದರಿಂದ ಇದೇ ಗತಿ. ಆದರೂ ಸುಗ್ಗಿಯ ನಡುವೆ ಗಾಡಿ ನಿಂತು, ಕಂಪನಿ ಮಾಲು ಬರುವುದು ತಡ ಎಂದಾಗ ಒಂದು ಲೇತ್ ಅಂಗಡಿ ಗಾಡಿಯನ್ನು ರಸ್ತೆಗೆ ತರುತ್ತದೆ. ಆ ಉಪಕಾರ ಸಣ್ಣದಲ್ಲ.

ಇನ್ನು ಕಾಕಾ ಹೇಳಿದ ಪೈಪು. ನಾಲ್ಕೂ ಬಗೆ ಹಾಕಿದ ಮೇಲೆ ನನಗೆ ಅನಿಸಿದ್ದು ಅವರ ಮಾತು ನೂರಕ್ಕೆ ನೂರು ಖರೆ ಎಂದು. ನಮ್ಮ ಗಾಡಿಯ ತುದಿ ಬುಶ್ಶಿನಲ್ಲಿ ಎರಡು ಬಿಲ್ಲೆ ಮತ್ತು ನಡುವಿನ ತಗಡು ಸೇರಿ, ಬಿಗಿಯುವ ಮೊದಲು 46 ಮಿಲಿಮೀಟರ್ ಎತ್ತರ. ಪೈಪ್ 40. ಬೋಲ್ಟು ಬಿಗಿದಾಗ ರಬ್ಬರ್ 6 ಮಿಲಿಮೀಟರ್ ಒತ್ತಿಕೊಳ್ಳುತ್ತದೆ, ಆಮೇಲೆ ವಾಶರ್ ಪೈಪಿಗೆ ತಾಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ನೀವು ಎಷ್ಟೇ ಬಿಗಿದರೂ ಭಾರ ಪೈಪಿನ ಮೇಲೆ, ರಬ್ಬರಿನ ಮೇಲಲ್ಲ. ಪೈಪ್ ಗಿಡ್ಡವಾದರೆ ರಬ್ಬರ್ ಅಪ್ಪಚ್ಚಿಯಾಗಿ ಕಲ್ಲಿನಂತಾಗುತ್ತದೆ, ನಡುಕವೆಲ್ಲ ಕ್ಯಾಬಿನ್ನಿಗೆ. ಉದ್ದವಾದರೆ ರಬ್ಬರ್ ಸಡಿಲ, ಪಟ್ಟಿ ಧಡಧಡ. ಪಿಯು ಗಟ್ಟಿ ಇರುವುದರಿಂದ ಅಷ್ಟು ಒತ್ತಬೇಕಾಗಿಲ್ಲ. ಅದರ ಜೊತೆ ಬಂದ ಪೈಪ್ ಹಳೆಯದಕ್ಕಿಂತ ಕೊಂಚ ಉದ್ದವಿತ್ತು, ಅದು ಸರಿಯೇ. ಒಂದರ ಪೈಪನ್ನು ಇನ್ನೊಂದರ ಬಿಲ್ಲೆಗೆ ಹಾಕಬೇಡಿ. ನಿಮ್ಮ ಗಾಡಿಯ ಅಳತೆ ಬೇರೆಯೇ ಇರುತ್ತದೆ, ಹಳೆಯದನ್ನು ಎಸೆಯುವ ಮೊದಲು ಅಳೆದು ಗೋಡೆಯ ಮೇಲೆ ಬರೆದಿಡಿ. ತುಕ್ಕು ತಿಂದ ಹಳೆ ಪೈಪಿನ ಅಂಚು ಕರಗಿರುತ್ತದೆ, ಅದನ್ನೇ ನಂಬಿ ಅಳತೆ ತೆಗೆಯಬಾರದು. ಕಡಿಮೆ ಸವೆದ ಬದಿಯದನ್ನು ನೋಡಿ.

ಮನೆಯಲ್ಲಿ ಮಾಡುವ ಕೆಲಸ ಕಷ್ಟದ್ದಲ್ಲ, ಅವಸರ ಮಾತ್ರ ಕೂಡದು. ಪಿಕಪ್ ಎತ್ತರ ಇರುವುದರಿಂದ ಚಕ್ರದ ಮೇಲೆ ನಿಲ್ಲಿಸಿಯೇ ಕೆಳಗೆ ನುಸುಳಬಹುದು. ಎತ್ತಲೇಬೇಕಾದರೆ ಚಾಸಿಗೆ ಸ್ಟ್ಯಾಂಡ್ ಕೊಡಿ, ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಚಕ್ರಗಳ ಹಿಂದೆ ಮುಂದೆ ಕಲ್ಲು ಇಡಿ. ಕೆಲವು ಹಳೆ ಜೀಪ್ ಮಾದರಿಯ ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ ಗೇರ್‌ಬಾಕ್ಸಿನ ಹಿಂದೆಯೇ ಇರುತ್ತದೆ, ಅಂಥ ಕಡೆ ಹ್ಯಾಂಡ್‌ಬ್ರೇಕ್ ಒಂದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ. ಅಂಗಳಕ್ಕೆ ಫರಸಿ ಹಾಸಿದ್ದರೆ ಜಾಕಿನ ಕೆಳಗೆ ದಪ್ಪ ಹಲಗೆ ಬೇಕು, ಇಲ್ಲದಿದ್ದರೆ ಕಲ್ಲು ಒಡೆಯುತ್ತದೆ. ಗೇರ್‌ಬಾಕ್ಸಿಗೂ ಜಾಕಿಗೂ ನಡುವೆ ಇನ್ನೊಂದು ಹಲಗೆ.

ಹಿಂದಿನ ಸಂಜೆಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟರೆ ಬೆಳಿಗ್ಗೆ ಪಾನಾಕ್ಕೆ (ಸ್ಪ್ಯಾನರಿಗೆ) ಒಲಿಯುತ್ತವೆ. ಗೇರ್‌ಬಾಕ್ಸಿನ ತೂಕ ಜಾಕಿನ ಮೇಲೆ ಬಂದ ಮೇಲೆ ಮೊದಲು ನಡುವಿನ ಫೌಂಡೇಶನ್ ನಟ್ಟು, ನಂತರ ತುದಿಗಳು. ಗೇರ್‌ಬಾಕ್ಸನ್ನು ಬೇಕಾದಷ್ಟೇ ಇಳಿಸಿ. ಬಾಲ ಇಳಿದಂತೆ ಇಂಜಿನ್ನಿನ ಮೂತಿ ಮೇಲೇಳುತ್ತದೆ, ಮುಂದೆ ಫ್ಯಾನ್ ರೇಡಿಯೇಟರ್ ಕವಚಕ್ಕೆ ತಾಗುತ್ತದೆ, ಹೋಸ್ ಪೈಪು ಬಿಗಿಯಾಗುತ್ತದೆ. ಒಬ್ಬರು ಬಾನೆಟ್ ಎತ್ತಿ ಅದನ್ನೇ ನೋಡುತ್ತ ನಿಂತಿರಲಿ. ಒಳಗೆ ಕಚ್ಚಿ ಕೂತ ಬುಶ್ಶಿದ್ದರೆ ಬೆಂಕಿ ಹಚ್ಚಿ ಸುಡುವ ರೂಢಿ ಇದೆ, ಆ ಹೊಗೆ ಎದೆಗೆ ಒಳ್ಳೆಯದಲ್ಲ. ಥ್ರೆಡ್ ಇರುವ ರಾಡ್, ಎರಡು ನಟ್ಟು, ತಕ್ಕ ಅಳತೆಯ ಪೈಪ್ ತುಂಡು ಇದ್ದರೆ ಎಳೆದು ತೆಗೆಯಬಹುದು. ಹೊಸ ರಬ್ಬರ್ ಕೂರಿಸಲು ಸೋಪಿನ ನೀರು ಸಾಕು, ಗ್ರೀಸ್ ಮುಟ್ಟಿಸಬೇಡಿ.

ಬೋಲ್ಟುಗಳನ್ನು ಮೊದಲು ಕೈಯಲ್ಲಿ ಹಿಡಿಸಿ, ಜಾಕ್ ಇಳಿಸಿ, ಗೇರ್‌ಬಾಕ್ಸಿನ ತೂಕ ರಬ್ಬರಿನ ಮೇಲೆ ತಾನಾಗಿ ಕೂತ ನಂತರ ಪೂರ್ತಿ ಬಿಗಿಯಿರಿ. ಎತ್ತಿ ಹಿಡಿದಾಗಲೇ ಬಿಗಿದರೆ ರಬ್ಬರ್ ಹುಟ್ಟಿನಿಂದಲೇ ತಿರುಚಿಕೊಂಡಿರುತ್ತದೆ. ತಲೆಯ ಮೇಲೆ 8.8 ಎಂದು ಅಚ್ಚಿರುವ 12 ಮಿಲಿಮೀಟರ್ ಬೋಲ್ಟಿಗೆ ಸುಮಾರು 80 ನ್ಯೂಟನ್ ಮೀಟರ್ ಬಿಗಿತ ಸಾಮಾನ್ಯ. ಗಾಡಿಯ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಲಾಕ್ ನಟ್ಟು ಹೊಸದೇ ಇರಲಿ. ಒಂದೆರಡು ಹೊರೆ ಹೊತ್ತ ಮೇಲೆ ಮತ್ತೊಮ್ಮೆ ಪಾನಾ ಹಾಕಿ ನೋಡಿ.

ಕೊಳ್ಳುವಾಗಲೇ ಇಂಜಿನ್ನಿನ ಎರಡು ಫೌಂಡೇಶನ್‌ಗಳನ್ನೂ ನೋಡಿಕೊಳ್ಳಿ. ಮುಂದಿನವು ಕುಸಿದಿದ್ದು ಹಿಂದೆ ಮಾತ್ರ ಹೊಸದು ಹಾಕಿದರೆ ತಿರುಚುವ ಬಲವೆಲ್ಲ ಹೊಸದರ ಮೇಲೇ ಬಿದ್ದು ಅದೂ ಬೇಗ ಹೋಗುತ್ತದೆ. ಹಿಂದೆ ಪಿಯು, ಮುಂದೆ ಸೋತ ರಬ್ಬರ್ ಇದ್ದರಂತೂ ಗೇರ್‌ಬಾಕ್ಸಿನ ಕಿವಿಯೇ (ಬೋಲ್ಟು ಕೂರುವ ಚಾಚು) ಬಿರುಕು ಬಿಡುವ ಅಪಾಯ. ಇಷ್ಟೆಲ್ಲ ಆದ ಮೇಲೂ ರಿವರ್ಸ್ ಹಾಕುವಾಗ ಧಡ್ ಎನ್ನುವುದು ಉಳಿದರೆ ಬುಶ್ಶನ್ನು ಮತ್ತೆ ಬಿಚ್ಚಬೇಡಿ, ಶಾಫ್ಟನ್ನು ಕೈಯಲ್ಲಿ ಹಿಡಿದು ಆಚೀಚೆ ತಿರುಗಿಸಿ ಜಾಯಿಂಟ್ ಕ್ರಾಸ್ ನೋಡಿ.