ಗಾಜಿಗೂ ತಾಮ್ರಕ್ಕೂ ಒಂದೇ ಕುಲುಮೆ: ಬಳಸಿ ನೋಡಿದ ಅಭಿಪ್ರಾಯ
ಮೇಜಿನ ಮೇಲಿಡುವ ವಿದ್ಯುತ್ ಕುಲುಮೆಗಳನ್ನು ಮಾರುವವರು ಅವು ಎಷ್ಟು ಡಿಗ್ರಿಯವರೆಗೆ ಕಾಯುತ್ತವೆ ಎಂಬುದನ್ನೇ ದೊಡ್ಡದಾಗಿ ಹೇಳುತ್ತಾರೆ. ಅನೀಲಿಂಗ್, ಅಂದರೆ ಗಾಜಿನ ಒಳಒತ್ತಡ ಕಳೆಯಲು ಅಥವಾ ಬಿರುಸಾದ ಲೋಹವನ್ನು ಮೆದುಗೊಳಿಸಲು ಹದವಾಗಿ ಕಾಯಿಸಿ ತಣಿಸುವ ಕೆಲಸ, ಮಾಡುವವರಿಗೆ ಮುಖ್ಯವಾದದ್ದು ಅವು ಎಷ್ಟು ಸಮವಾಗಿ, ಎಷ್ಟು ನಿಧಾನವಾಗಿ ತಣಿಯುತ್ತವೆ ಎಂಬುದು. ತಾಪದ ಏರಿಳಿತವನ್ನು ಹಂತಹಂತವಾಗಿ ಮೊದಲೇ ನಿಗದಿಪಡಿಸಬಹುದಾದ, ನಾನು ಬಳಸುತ್ತಿರುವ ಸಣ್ಣ ಕುಲುಮೆಯನ್ನು ಈ ದೃಷ್ಟಿಯಿಂದಲೇ ಪರೀಕ್ಷಿಸಿದ್ದೇನೆ.

ಗಾಜಿನ ಕೆಲಸಕ್ಕೆ ಇದು ನಿಜಕ್ಕೂ ಮೆಚ್ಚತಕ್ಕ ಉಪಕರಣ. ಬಿಸಿ ಗಾಜನ್ನು ತೆರೆದ ಗಾಳಿಯಲ್ಲಿ ಬಿಟ್ಟರೆ ಹೊರಮೈ ಮೊದಲು ಗಟ್ಟಿಯಾಗಿ, ಆಮೇಲೆ ಕುಗ್ಗಲು ಹೊರಟ ಒಳಭಾಗವನ್ನು ತಡೆಯುತ್ತದೆ. ಹಾಗೆ ಒಳಗೆ ಉಳಿದ ಒತ್ತಡದಿಂದ ವಸ್ತು ಎಷ್ಟೋ ದಿನಗಳ ನಂತರವೂ ತಾನಾಗಿಯೇ ಬಿರುಕು ಬಿಡಬಹುದು. ಸಾಮಾನ್ಯ ಸೋಡಾ-ಸುಣ್ಣದ ಗಾಜನ್ನು ಸುಮಾರು 540 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬೋರೋಸಿಲಿಕೇಟ್ ಗಾಜನ್ನು ಸುಮಾರು 560ರಲ್ಲಿ ಕೆಲಕಾಲ ಇರಿಸಿದರೆ, ಅದು ಆಕಾರ ಕೆಡದಷ್ಟು ಸೂಕ್ಷ್ಮವಾಗಿ ಒಳಗೊಳಗೇ ಹರಿದು ಆ ಒತ್ತಡವನ್ನು ಕಳೆದುಕೊಳ್ಳುತ್ತದೆ. ಅಲ್ಲಿಂದ 500 ಡಿಗ್ರಿಗಿಂತ ತುಸು ಕೆಳಗಿನವರೆಗಿನ ಇಳಿತದಲ್ಲಿ ಅವಸರ ಸಲ್ಲದು. ಈ ಕುಲುಮೆ ಅಲ್ಲಿ ನಿಗದಿಪಡಿಸಿದ ವೇಗವನ್ನು ತಪ್ಪದೆ ಪಾಲಿಸಿತು. ಒಂದಕ್ಕೊಂದು ಅಡ್ಡಲಾಗಿಟ್ಟ ಎರಡು ಪೋಲರಾಯ್ಡ್ ಹಾಳೆಗಳ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆಗಳ) ನಡುವೆ ಹಿಡಿದಾಗ ಒತ್ತಡವಿರುವ ಗಾಜಿನಲ್ಲಿ ಬೆಳಕಿನ ಪಟ್ಟೆಗಳು ಕಾಣುತ್ತವೆ. ಇದರಲ್ಲಿ ತಣಿಸಿದ ಮಣಿಗಳಲ್ಲಿ ಅಂತಹ ಪಟ್ಟೆಗಳಿರಲಿಲ್ಲ. ಬಾಗಿಲ ಬಳಿಯಿಟ್ಟ ದಪ್ಪ ತಳದ ಬಟ್ಟಲಿನಲ್ಲಿ ಮಾತ್ರ ಅವು ಉಳಿದಿದ್ದವು, ಏಕೆಂದರೆ ತಾಪ ಅಳೆಯುವ ಥರ್ಮೋಕಪಲ್ ಹಿಂಬದಿಯಲ್ಲಿದ್ದು, ಬಾಗಿಲ ಕಡೆ ತಾಪ ಇಳಿದರೂ ಅದರ ಗಮನಕ್ಕೆ ಬರುವುದಿಲ್ಲ. ಗಾಜಿನ ದಪ್ಪ ಎರಡರಷ್ಟಾದರೆ ತಣಿಸುವ ವೇಗ ಸುಮಾರು ಕಾಲುಭಾಗಕ್ಕೆ ಇಳಿಯಬೇಕು. ತಯಾರಕರು ಕೊಟ್ಟ ಸಿದ್ಧ ಕ್ರಮದಲ್ಲಿ ಇದಕ್ಕೆ ಅವಕಾಶವೇ ಇಲ್ಲದಿರುವುದು ದೊಡ್ಡ ಕೊರತೆ.

ಲೋಹದ ಬಗ್ಗೆ ಕೈಪಿಡಿ ಹೇಳುವುದು ಇನ್ನೂ ಅಸಮರ್ಪಕ. ಬಡಿದಷ್ಟೂ ತಾಮ್ರದ ಹರಳುಗಳೊಳಗಿನ ದೋಷಗಳು ಒಂದಕ್ಕೊಂದು ತೊಡರಿಕೊಂಡು ತಗಡು ಬಿರುಸಾಗುತ್ತದೆ. ಕಾಯಿಸಿದಾಗ ಹೊಸ ಹರಳುಗಳು ಹುಟ್ಟಿ ಅದು ಮತ್ತೆ ಮೆದುವಾಗುತ್ತದೆ. ಆ ಬದಲಾವಣೆ ಬಿಸಿಯಲ್ಲೇ ಮುಗಿಯುವುದರಿಂದ ತಾಮ್ರವನ್ನು ಕೂಡಲೇ ನೀರಿಗೆ ಅದ್ದಿದರೂ ಮೆದುತನ ಹೋಗುವುದಿಲ್ಲ. ಹೀಗಿರುವಾಗ ತಾಮ್ರಕ್ಕೂ ಗಾಜಿನಷ್ಟೇ ನಿಧಾನದ ಇಳಿತವನ್ನು ಸೂಚಿಸಿರುವುದರಿಂದ ಸಮಯ ವ್ಯರ್ಥವಾಗುತ್ತದೆ, ಮೇಲ್ಮೈಯ ಕಪ್ಪು ಪದರವೂ ದಪ್ಪವಾಗುತ್ತದೆ. ಹಿತ್ತಾಳೆಗೆ ಮಾತ್ರ ತಾಪದ ನಿಖರತೆ ಉಪಯುಕ್ತ: ಅತಿಯಾಗಿ ಕಾಯಿಸಿದರೆ ಹರಳುಗಳು ದೊಡ್ಡದಾಗಿ, ಬಗ್ಗಿಸಿದಾಗ ಮೈ ಕಿತ್ತಳೆ ಸಿಪ್ಪೆಯಂತೆ ಒರಟಾಗುತ್ತದೆ.

ಗಾಜಿನ ಕೆಲಸ ಮಾಡುವವರು ಇದನ್ನು ಧೈರ್ಯವಾಗಿ ಕೊಳ್ಳಬಹುದು, ಆದರೆ ಇಳಿತದ ಕ್ರಮವನ್ನು ದಪ್ಪಕ್ಕೆ ತಕ್ಕಂತೆ ತಾವೇ ಬರೆದುಕೊಳ್ಳಬೇಕು, ಬಾಗಿಲ ಬಳಿಯ ಜಾಗವನ್ನು ಖಾಲಿ ಬಿಡಬೇಕು. ಕೇವಲ ತಾಮ್ರ ಬಡಿಯುವವರಿಗೆ ಒಂದು ಗ್ಯಾಸ್ ಟಾರ್ಚ್ ಸಾಕು.